ಕಲಬುರಗಿಯಲ್ಲಿ ಕುಳಿತು ಪ್ಯಾಸೇಜ್ ಪ್ಲಾನ್ ಪಳಗಿಸಿಕೊಂಡದ್ದು: ನನ್ನ ಅನುಭವ

ನಾನು ಬಲ್ಕರ್, ಅಂದರೆ ಬಿಡಿ ಸರಕಿನ ಹಡಗಿನಲ್ಲಿ ಸೆಕೆಂಡ್ ಮೇಟ್; ಹೊರಡುವ ಮೊದಲೇ ಹಡಗಿನ ದಾರಿ ಹಾಕುವ ಪ್ಯಾಸೇಜ್ ಪ್ಲಾನ್ ನನ್ನ ಕೆಲಸ. ಎಕ್ಡಿಸ್‌ನಲ್ಲಿ (ಹಡಗಿನ ಎಲೆಕ್ಟ್ರಾನಿಕ್ ನಕ್ಷೆ ಯಂತ್ರ) ಇಡೀ ಪ್ರಯಾಣಕ್ಕೆ ಒಂದೇ ಸೇಫ್ಟಿ ಕಾಂಟೂರ್ (ಹಡಗಿಗೆ ಸಾಕಾಗುವ ನೀರು ಎಲ್ಲಿಂದ ಅಂತ ತೋರಿಸುವ ಆಳದ ಗೆರೆ) ಹಾಕಿ, ದಾರಿಯಲ್ಲಿ ಅಪಾಯ ಇದೆಯೇ ಅಂತ ಹುಡುಕುವ ರೂಟ್ ಚೆಕ್ ಒತ್ತಿ, ಬಂದ ಅಲಾರಂಗಳನ್ನೆಲ್ಲ ಒಪ್ಪಿಕೊಂಡು ಪ್ಲಾನ್ ಮುಗೀತು ಅನ್ನುವುದು ನನಗೆ ಯಾವತ್ತೂ ಸರಿ ಅನಿಸಿಲ್ಲ. ಪ್ರತಿ ಲೆಗ್‌ಗೂ, ಅಂದರೆ ಎರಡು ತಿರುವುಗಳ ನಡುವಿನ ತುಂಡು ದಾರಿಗೂ, ಬೇಕಾದ ಆಳವನ್ನು ಬೇರೆ ಬೇರೆ ಲೆಕ್ಕ ಹಾಕಬೇಕು, ಹಡಗು ದಾಟಬಾರದ ಗೆರೆಯನ್ನು ನಾವೇ ಕೈಯಾರೆ ಎಳೆಯಬೇಕು. ಇದನ್ನು ಹೇಳಿದಾಗಲೆಲ್ಲ ಹಿರಿಯ ಆಫೀಸರ್‌ಗಳು "ಅಷ್ಟು ಟೈಮ್ ಯಾರ ಹತ್ರ ಇದೆ" ಅನ್ನುತ್ತಿದ್ದರು. ರಜೆಯಲ್ಲಿ ಮನೆಯಲ್ಲೇ ಅಭ್ಯಾಸ ಶುರು ಮಾಡಿದಾಗ ಕಾಕಾ ಬೇರೆ ಬಂದು ಕೇಳಿದರು: "ಏನ್ ತಮ್ಮಾ, ಸಮುದ್ರ ಎಲ್ಲಿ, ಕಲಬುರಗಿ ಎಲ್ಲಿ? ಇಲ್ಲಿ ಕುಂತು ಹಡಗದ ದಾರಿ ಹೆಂಗ ಹಾಕ್ತಿ?" ಕಳೆದ ಕಾಂಟ್ರಾಕ್ಟ್‌ನಲ್ಲಿ ಹೀಗೇ ಹಾಕಿದ ಪ್ಲಾನ್‌ಗೆ ಕ್ಯಾಪ್ಟನ್ ಸಹಿ ಹಾಕಿದರು, ದುಡ್ಡೂ ಉಳಿಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಖರ್ಚು ಹೇಳಿಬಿಡುತ್ತೇನೆ. ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಒಂದು 16,000ದ ಆಸುಪಾಸಿಗೆ ಸಿಕ್ಕಿತು. ಯುಎಸ್‌ಬಿ ಜಿಪಿಎಸ್‌ಗೆ 1,500 ಹೋಯಿತು. ನಕ್ಷೆ ತೋರಿಸಿ ದಾರಿ ಹಾಕಲು ಬಿಡುವ ಓಪನ್‌ಸಿಪಿಎನ್ ತಂತ್ರಾಂಶ ಪುಕ್ಕಟೆ. ನಮ್ಮ ದೇಶದ ಸಮುದ್ರ ನಕ್ಷೆ ಮಾಡುವ ಡೆಹ್ರಾಡೂನ್ ಕಚೇರಿಯ ಇಎನ್‌ಸಿಗಳಿಗೆ (ಎಲೆಕ್ಟ್ರಾನಿಕ್ ನಕ್ಷೆಗಳು) ದುಡ್ಡು ಕೊಟ್ಟು ಪರ್ಮಿಟ್ ತಗೋಬೇಕು, ಅಮೆರಿಕದ ನೋವಾ ಸಂಸ್ಥೆಯ ಇಎನ್‌ಸಿಗಳು ಮಾತ್ರ ಯಾರಿಗೆ ಬೇಕಾದರೂ ಉಚಿತ. ಹಾಗಾಗಿ ನನ್ನ ಅಭ್ಯಾಸದ ನೀರೆಲ್ಲ ಅಮೆರಿಕದ್ದು. ಓಪನ್‌ಸಿಪಿಎನ್ ಟೈಪ್ ಅಪ್ರೂವ್ಡ್ (ಅಧಿಕೃತ ಮಂಜೂರಾತಿ ಪಡೆದ) ಎಕ್ಡಿಸ್ ಅಲ್ಲ, ಬ್ರಿಡ್ಜ್‌ನಲ್ಲಿ (ಹಡಗು ನಡೆಸುವ ಕೋಣೆ) ಅದರ ಮೇಲೆ ಹಡಗು ನಡೆಸುವ ಹಾಗಿಲ್ಲ, ಅದು ನಿಮಗೆಲ್ಲ ಗೊತ್ತೇ ಇದೆ. ಕೈ ಪಳಗಿಸಿಕೊಳ್ಳಲು ಮಾತ್ರ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಮೇ ತಿಂಗಳ ಬಿಸಿಲಿಗೆ ಮಧ್ಯಾಹ್ನ ಲ್ಯಾಪ್‌ಟಾಪ್ ತಾನಾಗಿಯೇ ಆಫ್ ಆಗುತ್ತಿತ್ತು, ಜೊತೆಗೆ ಕರೆಂಟ್ ಬೇರೆ ಕೈ ಕೊಡುತ್ತಿತ್ತು. ಬೆಳಗಿನ ಜಾವ 4ಕ್ಕೆ ಎದ್ದು ಕೂರುವುದೇ ರೂಢಿಯಾಯಿತು.

ಪ್ರಯೋಗಕ್ಕೆ ಆರಿಸಿಕೊಂಡದ್ದು ಚೆಸಪೀಕ್ ಕೊಲ್ಲಿಯಿಂದ ಬಾಲ್ಟಿಮೋರ್ ದಾರಿ. ಕಲ್ಲಿದ್ದಲು ಹಡಗುಗಳು ಓಡಾಡುವ ಜಾಗ, ಮುಖ್ಯ ಚಾನೆಲ್ (ಹೂಳೆತ್ತಿದ ಹಡಗಿನ ದಾರಿ) 50 ಅಡಿ ಆಳ, ಅಂದರೆ 15.2 ಮೀಟರ್. ನಮ್ಮಂಥ ಸೂಪ್ರಾಮ್ಯಾಕ್ಸ್ ಬಲ್ಕರ್, ಡ್ರಾಫ್ಟ್ (ನೀರಿನೊಳಗೆ ಮುಳುಗಿರುವ ಆಳ) 12.6 ಮೀಟರ್, ಬ್ಲಾಕ್ ಕೋಎಫಿಶಿಯೆಂಟ್ (ಹಡಗಿನ ಒಡಲು ಎಷ್ಟು ಚೌಕಾಕಾರ ಅನ್ನುವ ಅಂಕಿ) 0.85 ಅಂತ ಹಿಡಿದೆ. ಇಕ್ಕಟ್ಟು ನೀರಿಗೆ ಬ್ಯಾರಸ್ ಸೂತ್ರದ ಲೆಕ್ಕ ಹಾಕಿದರೆ 10 ನಾಟ್‌ನಲ್ಲಿ (ಗಂಟೆಗೆ 10 ನಾಟಿಕಲ್ ಮೈಲಿ) ಸ್ಕ್ವಾಟ್, ಅಂದರೆ ಓಡುವಾಗ ಹಡಗು ಇನ್ನಷ್ಟು ಕೆಳಗಿಳಿಯುವುದು, 1.7 ಮೀಟರ್. ಯುಕೆಸಿ (ಹಡಗಿನ ತಳದ ಕೆಳಗೆ ಉಳಿಯಬೇಕಾದ ನೀರು) ಡ್ರಾಫ್ಟ್‌ನ 10 ಪರ್ಸೆಂಟ್ ಸೇರಿಸಿ, ಒಟ್ಟು 15.5 ದಾಟಿತು. ಚಾನೆಲ್‌ನಲ್ಲಿ ಅಷ್ಟು ನೀರೇ ಇಲ್ಲ, ಬಾಲ್ಟಿಮೋರ್ ಕಡೆ ಉಬ್ಬರವೂ ಒಂದು ಅಡಿ ಅಷ್ಟೇ. 8 ನಾಟ್‌ಗೆ ಇಳಿಸಿದೆ, ಸ್ಕ್ವಾಟ್ 1.1ಕ್ಕೆ ಬಂತು, ಒಟ್ಟು 15ರ ಒಳಗೆ ಕೂತಿತು.

ಈಗ ಸೇಫ್ಟಿ ಕಾಂಟೂರ್‌ಗೆ 15 ಹಾಕಿ ನೋಡಿ. ಹಳೆಯ ನೋವಾ ಸೆಲ್‌ಗಳಲ್ಲಿ (ಇಎನ್‌ಸಿ ನಕ್ಷೆಯ ತುಂಡುಗಳು) ಕಾಂಟೂರ್‌ಗಳು ಅಡಿ, ಫ್ಯಾದಮ್‌ನಿಂದ (6 ಅಡಿಯ ಅಳತೆ) ಬಂದವು, 5.4, 9.1, 18.2 ಮೀಟರ್ ಹೀಗೆ ಇರುತ್ತವೆ. 15 ಇಲ್ಲ. ಮಷೀನ್ ಸೀದಾ ಮುಂದಿನ ಆಳಕ್ಕೆ, 18.2ಕ್ಕೆ ಹಾರುತ್ತದೆ. ಹಡಗು ಹೋಗಬೇಕಾದ ಚಾನೆಲ್ಲೇ ಅಪಾಯದ ನೀಲಿ ಆಗಿಬಿಡುತ್ತದೆ! ಹೊಸ ಸೆಲ್‌ಗಳನ್ನು ಮೀಟರ್ ಕಾಂಟೂರ್‌ಗೆ ಬದಲಿಸುತ್ತಿದ್ದಾರೆ, ಆದರೂ 10 ಆದ ಮೇಲೆ 20 ಅಂತ ಇರುವ ಕಡೆ ಇದೇ ಗೋಳು. ಆಗ ಎಷ್ಟೋ ಜನ ಏನು ಮಾಡುತ್ತಾರೆ? ಅಲಾರಂ ಕಾಟ ತಪ್ಪಲಿ ಅಂತ ಕಾಂಟೂರನ್ನೇ 10ಕ್ಕೆ ಇಳಿಸುತ್ತಾರೆ, ಇಲ್ಲ ಸದ್ದು ಮುಚ್ಚುತ್ತಾರೆ. 2013ರಲ್ಲಿ ಡೋವರ್ ಜಲಸಂಧಿಯಲ್ಲಿ ಓವಿಟ್ ಟ್ಯಾಂಕರ್ ವಾರ್ನ್ ಬ್ಯಾಂಕ್ ಅನ್ನುವ ಮರಳು ದಿಬ್ಬದ ಮೇಲೆ ಹತ್ತಿದ್ದು ನೆನಪಿದೆ ಅಲ್ವಾ? ಪ್ಲಾನ್‌ನ ರೇಖೆಯೇ ಬ್ಯಾಂಕ್ ಮೇಲಿಂದ ಹೋಗಿತ್ತು, ಅಲಾರಂನ ಸದ್ದೂ ಇರಲಿಲ್ಲ.

ನನ್ನ ದಾರಿ ಬೇರೆ. ಮಷೀನ್ ಕೊಟ್ಟ ಆಳದ ಕಾಂಟೂರ್ ಹಾಗೇ ಇರಲಿ, ಸೇಫ್ಟಿ ಡೆಪ್ತ್ ಅನ್ನುವ ಬೇರೆ ಸೆಟ್ಟಿಂಗ್‌ಗೆ ಮಾತ್ರ ನನ್ನ ಲೆಕ್ಕದ ಅಂಕಿ ಹಾಕುತ್ತೇನೆ. ಅದಕ್ಕಿಂತ ಕಡಿಮೆ ಆಳದ ಸೌಂಡಿಂಗ್‌ಗಳು (ನಕ್ಷೆಯ ಮೇಲಿನ ಆಳದ ಅಂಕಿಗಳು) ದಪ್ಪ ಕಪ್ಪಾಗಿ ಎದ್ದು ಕಾಣುತ್ತವೆ. ಆ ಕಪ್ಪು ಅಂಕಿಗಳ ಹೊರಗಡೆಯಿಂದ ಯೂಸರ್ ಚಾರ್ಟ್‌ನಲ್ಲಿ (ನಕ್ಷೆಯ ಮೇಲೆ ನಾವೇ ಬಿಡಿಸುವ ಪದರ) ಗೆರೆ ಎಳೆದು, ಅಲಾರಂ ಬರುವಂತೆ ಅದಕ್ಕೆ ಡೇಂಜರ್ ಗುಣ ಕೊಡುತ್ತೇನೆ. ಆಮೇಲೆ ಆ ಜಾಗದ ಅತಿ ದೊಡ್ಡ ಸ್ಕೇಲ್‌ನಲ್ಲಿ ಲೆಗ್ ಲೆಗ್ಗೂ ಕಣ್ಣಲ್ಲಿ ನೋಡುತ್ತೇನೆ, ಎಕ್ಸ್‌ಟಿಡಿ ಕಾರಿಡಾರ್ (ರೂಟ್‌ನ ಎರಡೂ ಬದಿಗೆ ಹಡಗು ಸರಿಯಬಹುದಾದ ಪಟ್ಟಿ) ಆ ಗೆರೆಯನ್ನು ಮುಟ್ಟಬಾರದು.

ಮೊದಮೊದಲು ಇದು ಕೆಲಸ ಮಾಡಲಿಲ್ಲ. ದಾರಿಯುದ್ದಕ್ಕೂ ಎರಡೂ ಕಡೆ ಗೆರೆ ಎಳೆದರೆ ಅಲಾರಂ ಒಂದರ ಮೇಲೊಂದು ಬಂದು, ಯಾವುದು ನಿಜವಾದದ್ದು ಅಂತಲೇ ತಿಳಿಯುತ್ತಿರಲಿಲ್ಲ. ಗೆರೆಯಲ್ಲಿ ಪಾಯಿಂಟ್‌ಗಳು ಜಾಸ್ತಿಯಾದಷ್ಟೂ ಸ್ಕ್ರೀನ್ ನಿಧಾನ. ಕೊನೆಗೆ ತೆರೆದ ಸಮುದ್ರದಲ್ಲಿ ಗೆರೆಯೇ ಬೇಡ, ಇಕ್ಕಟ್ಟಾದ ಲೆಗ್‌ಗಳಿಗೆ ಮಾತ್ರ, ಅದೂ ಪಾಯಿಂಟ್ ಕಡಿಮೆ ಇಟ್ಟು, ಅಂತ ಮಾಡಿಕೊಂಡೆ. ಪ್ಲಾನನ್ನು ಬರ್ತ್‌ನಿಂದ (ಬಂದರಿನಲ್ಲಿ ಹಡಗು ಕಟ್ಟುವ ಜಾಗ) ಹಿಂದಕ್ಕೆ ಹಾಕಲು ಶುರು ಮಾಡಿದ್ದೂ ಆಗಲೇ. ಎಲ್ಲಿ ನೀರು ಕಡಿಮೆಯೋ ಅಲ್ಲಿಗೆ ಎಷ್ಟು ಹೊತ್ತಿಗೆ ಮುಟ್ಟಬೇಕು ಅನ್ನುವುದು ಮೊದಲು ಗೊತ್ತಾಗುತ್ತದೆ, ಉಳಿದ ವೇಗವೆಲ್ಲ ಅದರ ಪ್ರಕಾರ ಹೊಂದಿಕೊಳ್ಳುತ್ತದೆ. ವೀಲ್ ಓವರ್ ಪಾಯಿಂಟ್‌ಗಳನ್ನು (ತಿರುವಿಗಾಗಿ ಚುಕ್ಕಾಣಿ ತಿರುಗಿಸಬೇಕಾದ ಜಾಗ) ಬಾಲ್ಟಿಮೋರ್ ದಾರಿಯ ಕ್ರೇಗ್‌ಹಿಲ್ ಚಾನೆಲ್‌ನಲ್ಲೇ ಪದೇ ಪದೇ ಹಾಕಿ ನೋಡಿದೆ. 2022ರ ಮಾರ್ಚ್‌ನಲ್ಲಿ ಎವರ್ ಫಾರ್ವರ್ಡ್ ಅನ್ನುವ ಕಂಟೇನರ್ ಹಡಗು ತಿರುಗದೆ ಹೋಗಿ ಹೂಳಿನಲ್ಲಿ ಕೂತದ್ದು ಅಲ್ಲೇ. ತಿಂಗಳಿಗಿಂತ ಜಾಸ್ತಿ ಸಿಕ್ಕಿಬಿದ್ದಿತ್ತು.

ಮಧ್ಯೆ ಒಂದು ಪ್ರಯೋಗ ಮಾಡಿದೆ, ಅದು ನನಗೆ ಬಹಳ ಇಷ್ಟವಾದದ್ದು. 2017ರಲ್ಲಿ ಶುರುವಾದ ಬೀದರ್–ಕಲಬುರಗಿ ರೈಲು ಮಾರ್ಗ ಇದೆಯಲ್ಲ, ಅದರಲ್ಲಿ ಕಿಟಕಿ ಪಕ್ಕ ಜಿಪಿಎಸ್ ಇಟ್ಟುಕೊಂಡು ಹೋದೆ. ಹೋಗುವಾಗ ಟ್ರ್ಯಾಕ್ ರೆಕಾರ್ಡ್ ಮಾಡಿ, ಅದನ್ನೇ ರೂಟ್ ಮಾಡಿ, ಬರುವಾಗ ಆಕ್ಟಿವೇಟ್ ಮಾಡಿದೆ. ರೈಲು ಹಳಿ ಬಿಟ್ಟು ಹೋಗುವುದಿಲ್ಲ. ಹಾಗಾದರೆ ಸ್ಕ್ರೀನ್ ಮೇಲೆ ಕಾಣುವ ಕ್ರಾಸ್ ಟ್ರ್ಯಾಕ್ (ರೂಟ್‌ನಿಂದ ಪಕ್ಕಕ್ಕೆ ಸರಿದ ದೂರ) ಎಲ್ಲ ಜಿಪಿಎಸ್‌ದು, ಇಲ್ಲ ರೂಟ್ ಬಿಡಿಸಿದ ರೀತಿಯದು. ಸಾಮಾನ್ಯವಾಗಿ 10 ಮೀಟರ್ ಒಳಗೇ ಇತ್ತು, ತಿರುವುಗಳಲ್ಲಿ ವೇಪಾಯಿಂಟ್ (ರೂಟ್‌ನ ಗುರುತು ಬಿಂದು) ಕಡಿಮೆಯಾದ ಕಡೆ 30ಕ್ಕೆ ಹೋಗುತ್ತಿತ್ತು. ಮರಗುತ್ತಿ ಸುರಂಗದೊಳಗೆ ಹೊಕ್ಕ ಮೇಲೆ ಸ್ವಲ್ಪ ಹೊತ್ತಿಗೆ ಹಡಗಿನ ಗುರುತು ಬೂದು ಬಣ್ಣಕ್ಕೆ ತಿರುಗಿ ನಿಂತಲ್ಲೇ ನಿಂತಿತು, ರೈಲು ಮಾತ್ರ ಓಡುತ್ತಲೇ ಇತ್ತು. ಎದುರು ಕೂತಿದ್ದ ಹಿರಿಯರು ಸ್ಕ್ರೀನ್ ನೋಡಿ "ನಿಮ್ಮ ಗಾಡಿ ನಿಂತ್ರೂ ನಮ್ಮ ಗಾಡಿ ಹೊಂಟದಲ್ಲ" ಅಂದರು. ಕೆಂಪು ಸಮುದ್ರ, ಪರ್ಷಿಯನ್ ಕೊಲ್ಲಿ ಕಡೆ ಜಿಪಿಎಸ್ ಜಾಮಿಂಗ್ ಕಂಡವರಿಗೆ ಇದರ ಬೆಲೆ ಗೊತ್ತು. ಅವತ್ತಿನಿಂದ ಇಕ್ಕಟ್ಟಿನ ಪ್ರತಿ ಲೆಗ್‌ಗೂ ರಾಡಾರ್‌ನ ಪ್ಯಾರಲಲ್ ಇಂಡೆಕ್ಸ್ ಅಂಕಿ (ಜಿಪಿಎಸ್ ಇಲ್ಲದಿದ್ದರೂ ರಾಡಾರ್‌ನಲ್ಲಿ ಕಾಣುವ ಗುರುತಿನಿಂದ ಎಷ್ಟು ದೂರ ಇರಬೇಕು ಅನ್ನುವುದು) ಪ್ಲಾನ್‌ನಲ್ಲೇ ಬರೆಯುತ್ತೇನೆ.

ಹಡಗಿಗೆ ಹೋದ ಮೇಲೆ ಚೀಫ್ ಆಫೀಸರ್‌ಗೆ ತೋರಿಸಿದೆ. "ಮನೆಯಲ್ಲಿ ಆಡಿದ್ದು ಇಲ್ಲಿ ನಡೆಯಲ್ಲ" ಅಂದರು. ಸರಿ, ನಡೆಸಿ ತೋರಿಸೋಣ ಅಂತ ಸುಮ್ನಾದೆ. ನಾವು ಹೋಗಬೇಕಿದ್ದ ಬಂದರಿನ ಹೊರ ದಾರಿಯಲ್ಲಿ ಕ್ಯಾಟ್‌ಜಾಕ್ (ನಕ್ಷೆಯ ಅಳತೆಯನ್ನು ಎಷ್ಟು ನಂಬಬಹುದು ಅನ್ನುವ ದರ್ಜೆ) ಸಿ. ಅಂದರೆ ಆಳದಲ್ಲಿ 2 ಮೀಟರ್ ಜೊತೆಗೆ 5 ಪರ್ಸೆಂಟ್ ಬಿಟ್ಟುಕೊಡಬೇಕು, 16 ಮೀಟರ್ ನೀರಿಗೆ 2.8 ಹೋಯಿತು! ಕಷ್ಟ ಇದ್ದದ್ದು ಸುಮಾರು 2 ಮೈಲಿಯ ಒಂದೇ ಲೆಗ್. ಡ್ರಾಫ್ಟ್, ಯುಕೆಸಿ, ಸ್ಕ್ವಾಟ್ (ಇಲ್ಲಿ ತೆರೆದ ನೀರಿನ ಲೆಕ್ಕ, ಇಕ್ಕಟ್ಟಿನದರ ಅರ್ಧ), ಕ್ಯಾಟ್‌ಜಾಕ್ ಎಲ್ಲ ಕೂಡಿಸಿದರೆ 10 ನಾಟ್‌ಗೆ 17.5 ಬೇಕು, 8 ನಾಟ್‌ಗೆ 17.2 ಸಾಕು. ಬೆಳಗಿನ ಉಬ್ಬರ 1.3, ಅಂದರೆ ಒಟ್ಟು ನೀರು 17.3; ರಾತ್ರಿಯದು 1.9 ಅಂತ ನೆನಪು. ಎಲ್ಲರೂ ರಾತ್ರಿಯ ಉಬ್ಬರಕ್ಕೆ ಕಾಯೋಣ ಅನ್ನುತ್ತಿದ್ದರು. ಆ ಲೆಗ್ ಒಂದರಲ್ಲಿ 8 ನಾಟ್ ಹಿಡಿದರೆ ಬೆಳಗಿನದಕ್ಕೇ ಹೋಗಬಹುದು ಅಂತ ಹಾಳೆ ಇಟ್ಟೆ. ಕ್ಯಾಪ್ಟನ್ ಎರಡು ಸಲ ತಾವೇ ಕೂಡಿಸಿ ನೋಡಿದರು, ಪೈಲಟ್ ಕೂಡ ಒಪ್ಪಿದರು, ಹೋದೆವು. ಆಳ ಅಳೆಯುವ ಇಕೋ ಸೌಂಡರ್ ನನ್ನ ಲೆಕ್ಕಕ್ಕಿಂತ ಜಾಸ್ತಿಯೇ ನೀರು ತೋರಿಸಿತು. ಹೆಚ್ಚುಕಡಿಮೆ 12 ಗಂಟೆ ಉಳಿಯಿತು. ಹಡಗಿನ ದಿನದ ಬಾಡಿಗೆ 13,000 ಡಾಲರ್ ಹಿಡಿದರೂ 6,500 ಆಯಿತು. ಆಮೇಲೆ ಚೀಫ್ ಆಫೀಸರೇ ಬಂದು ಫೈಲ್ ಕೇಳಿದರು, ಖುಷಿಯಿಂದ ಕೊಟ್ಟೆ.

ಲೆಗ್ ಲೆಗ್ಗಿಗೆ ಉಬ್ಬರದ ಸಮಯ ಜೋಡಿಸುವ ಎಕ್ಸೆಲ್ ಶೀಟ್ ಮಾತ್ರ ಇಲ್ಲಿ ಹಾಕುವುದಿಲ್ಲ. ಗೆರೆ ಎಳೆದೂ ಅಲಾರಂ ಕಡಿಮೆ ಬರುವಂತೆ ಲುಕ್ ಅಹೆಡ್ (ಹಡಗಿನ ಮುಂದೆ ಎಷ್ಟು ದೂರ ಅಪಾಯ ಹುಡುಕಬೇಕು ಅನ್ನುವ ಸೆಟ್ಟಿಂಗ್) ಹೇಗೆ ಇಡುತ್ತೇನೆ ಅನ್ನುವುದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಒಂದು ಹೇಳಬಲ್ಲೆ: ವಾರದ ಅಪ್‌ಡೇಟ್ ಹಾಕಿದ ಮೇಲೆ ಗೆರೆಗಳನ್ನು ಮತ್ತೆ ನೋಡಿ. ಸೆಲ್‌ನಲ್ಲಿ ಸೌಂಡಿಂಗ್ ಬದಲಾದರೆ ನೀವು ಎಳೆದ ಗೆರೆ ತಾನಾಗಿ ಸರಿಯುವುದಿಲ್ಲ.

ಎಸ್-100 ಅನ್ನುವ ಹೊಸ ಎಲೆಕ್ಟ್ರಾನಿಕ್ ನಕ್ಷೆ ಮಾನದಂಡ ಬಂದರೆ ಇದೆಲ್ಲ ಬೇಡ ಅಂತ ಕೆಲವರು ಹೇಳುತ್ತಾರೆ. ಅದರ ಎಸ್-102 ಆಳದ ಪದರ ಇದ್ದ ಕಡೆ ಬೇಕಾದ ಅಂಕಿಗೇ ಕಾಂಟೂರ್ ಸಿಗುತ್ತದೆ, ನಿಜ. ಆದರೆ ಹೊಸದಾಗಿ ಕೂರಿಸುವ ಎಕ್ಡಿಸ್‌ಗೆ ಅದು ಕಡ್ಡಾಯ ಆಗುವುದು 2029ರಿಂದ. ನಮ್ಮ ಹಳೆಯ ಬಲ್ಕರ್‌ಗಳಲ್ಲಿ ಅಲ್ಲಿಯವರೆಗೆ, ಬಹುಶಃ ಆಮೇಲೂ, ಗೆರೆ ಎಳೆಯುವುದು ಸೆಕೆಂಡ್ ಮೇಟ್‌ನ ಕೈಯೇ. ಮುಂದಿನ ರಜೆಯಲ್ಲಿ ಅಮೆರಿಕದ ಕೊಲಂಬಿಯಾ ನದಿಯ ಬಾರ್ (ನದಿ ಸಮುದ್ರ ಸೇರುವಲ್ಲಿನ ಮರಳು ದಿಬ್ಬ) ಹಾಕಿ ನೋಡಬೇಕು ಅಂತಿದೆ, ಅಲೆಗೆ ಹಡಗು ಏಳುಬೀಳುವ ಲೆಕ್ಕವನ್ನೂ ಸೇರಿಸಿ.