ಇಳಿತ ನೋಡಿ ರಜೆ ಹಾಕಿದೆ

ಮೊದಲೆಲ್ಲ ಕಡಲತೀರದ ಜೀವಿಗಳನ್ನು ನೋಡೋಕೆ ಹೋದಾಗ ಸೂರ್ಯೋದಯಕ್ಕೆ ಅಲಾರಂ ಇಡುತ್ತಿದ್ದೆ. ಎರಡು ರಜೆ ಹಾಗೇ ಹಾಳಾದವು. ಕಣ್ಣುಜ್ಜಿಕೊಂಡು ಹೋದರೆ ಉಬ್ಬರದ ನೀರು ಮರಳ ಬಳ್ಳಿಗಳ ಬುಡಕ್ಕೇ ಬಂದಿರುತ್ತಿತ್ತು. ನಡೆಯೋಕೆ ಉಳಿದದ್ದು ನಾಲ್ಕು ಹೆಜ್ಜೆ ಅಗಲದ ಒಣ ಮರಳು.

ಮೂರನೇ ಸಲ ದುಡ್ಡು ಸುರಿದೆ. ದೊಡ್ಡ ಲೆನ್ಸ್ ಕೊಂಡೆ, ಎರಡು ದಿನಕ್ಕೆ ಗೈಡ್ ಇಟ್ಟುಕೊಂಡೆ. ಅವರು ನಾಲ್ಕೈದು ಕಿಲೋಮೀಟರ್ ಬಿರಬಿರನೆ ನಡೆಸಿದರು. ಕಂಡದ್ದು ನಮ್ಮನ್ನು ನೋಡಿ ಹಾರಿಹೋದ ಹಕ್ಕಿಗಳ ಬೆನ್ನು. ಆ ದುಡ್ಡಲ್ಲಿ ಆರಾಮಾಗಿ ಇನ್ನೂ ಮೂರು ದಿನ ತಂಗಬಹುದಿತ್ತು.

ಈ ಸಲ ಟೈಡ್ ಟೇಬಲ್, ಅಂದರೆ ಉಬ್ಬರ-ಇಳಿತದ ವೇಳಾಪಟ್ಟಿ, ನೋಡಿದ ಮೇಲೇ ರೂಮ್ ಬುಕ್ ಮಾಡಿದೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ ಅಲ್ವಾ? ಮೊದಲ ದಿನ 6 ಗಂಟೆಗಿದ್ದರೆ ನಾಲ್ಕನೇ ದಿನ 8:30ರ ಹತ್ತಿರ. ಆಮೇಲೆ ಬಿಸಿಲು ಏರುತ್ತದೆ. ಅಂದರೆ ನಾಲ್ಕು ಒಳ್ಳೆಯ ಬೆಳಗು ಸಿಗುತ್ತವೆ. ಅಮಾವಾಸ್ಯೆ, ಹುಣ್ಣಿಮೆ ಸಮಯದಲ್ಲಿ ನೀರು ಇನ್ನೂ ಹಿಂದೆ ಸರಿಯುತ್ತದೆ ನಿಜ. ಆದರೆ ಕೆಲವು ತೀರಗಳಲ್ಲಿ ಆ ದೊಡ್ಡ ಇಳಿತ ಮಟಮಟ ಮಧ್ಯಾಹ್ನಕ್ಕೆ ಬೀಳುತ್ತದೆ. ಆ ಆಸೆಗೆ ಹೋಗಿ ಒಮ್ಮೆ ಬೆಂದಿದ್ದೇನೆ.

ಈ ಸಲ ಬಿರಬಿರನೆ ನಡೆಯೋದು ಬೇಡ, ಸ್ವಲ್ಪವೇ ನಡೆದು ಕೂತು ನೋಡೋಣ ಅಂದೆ. "ಎರಡು ಗಂಟೇಲಿ ಇನ್ನೂರು ಮೀಟರ್ ನಡೆಯೋದು ವಾಕಿಂಗಾ ಭಾವ?" ಅಂತ ಜೊತೆಗೆ ಬಂದಿದ್ದ ಭಾಮೈದ ಕೇಳಿದ. ನಾನು ಉತ್ತರ ಕೊಡಲಿಲ್ಲ. ಪೂರ್ತಿ ಇಳಿತಕ್ಕೆ ಒಂದು ಗಂಟೆ ಮೊದಲೇ ಹೋಗಿ ಹಸಿ ಮರಳಲ್ಲಿ ಕೂತೆ, ಅವನನ್ನೂ ಕೂರಿಸಿದೆ. ಹೆಜ್ಜೆಯ ಅದುರು ಏಡಿಗಳಿಗೆ ತಕ್ಷಣ ಗೊತ್ತಾಗುತ್ತದೆ. ಎಂಟು ನಿಮಿಷ ಅಲ್ಲಾಡದೆ ಇರಬೇಕು, ಅಷ್ಟೇ. ಎಲ್ಲಿ ಕೂರಬೇಕು ಅಂತ ಆರಿಸೋದಕ್ಕೆ ನನ್ನದೊಂದು ಗುರುತಿದೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಕಿರುಬೆರಳ ಉಗುರಿನಷ್ಟು ಏಡಿ ಬಿಲದಿಂದ ಬಂತು. ಮರಳನ್ನು ಬಾಯಿಗೆ ತುಂಬಿಕೊಂಡು, ಅದರಲ್ಲಿನ ಸಣ್ಣ ಆಹಾರ ಸೋಸಿ, ಉಳಿದದ್ದನ್ನು ಗೋಲಿ ಮಾಡಿ ಹಿಂದಕ್ಕೆ ತಳ್ಳಿತು. ಮೆಣಸುಕಾಳಿನಷ್ಟು ಗೋಲಿ. ಮತ್ತೊಂದು, ಇನ್ನೊಂದು. ಬಿಲದ ಸುತ್ತ ಚಕ್ರದ ಕಡ್ಡಿಗಳ ಹಾಗೆ ಸಾಲುಗಳು ಬೆಳೆದವು. ಮಾರನೇ ದಿನ ಇನ್ನೊಂದು ಬಿಲದ ಸುತ್ತ ಗೋಲಿಗಳನ್ನೆಲ್ಲ ಸುಮ್ನೆ ಗುಡಿಸಿ ನೋಡಿದೆ. ಆ ಬಿಲದ ಏಡಿ ಒಳಗೆ ಹೋಯಿತು, ಐದು ನಿಮಿಷದ ಮೇಲೆ ಬಂದು ಮತ್ತೆ ಶುರುಮಾಡಿತು. ಹತ್ತು ನಿಮಿಷಕ್ಕೆ ನಲವತ್ತೋ ಐವತ್ತೋ ಗೋಲಿ. ಅದರ ಶ್ರಮ ನೋಡಿ ಆಮೇಲೆ ಗುಡಿಸೋಕೆ ಮನಸ್ಸಾಗಲಿಲ್ಲ.

ಚಿಪ್ಪುಗಳಲ್ಲಿ ಡ್ರಿಲ್ ಹಾಕಿದ ಹಾಗೆ ದುಂಡನೆಯ ತೂತು ಕಂಡರೆ, ಅದು ಬಹುಪಾಲು ಬೇಟೆಗಾರ ಬಸವನಹುಳುವಿನ ಕೆಲಸ. ಅಂಥ ಹನ್ನೆರಡು ಚಿಪ್ಪು ಸಿಕ್ಕವು, ಅಲ್ಲೇ ಬಿಟ್ಟು ಬಂದೆ. ಶಂಕುವಿನ ಆಕಾರದ ಬಣ್ಣದ ಚಿಪ್ಪನ್ನು ಮಾತ್ರ ಮುಟ್ಟಲೇಬೇಡಿ. ಒಳಗೆ ಜೀವವಿದ್ದರೆ ಅದರ ವಿಷದ ಕುಟುಕು ಪ್ರಾಣಕ್ಕೇ ಬರಬಹುದು.

ದೊಡ್ಡ ಲೆನ್ಸ್ ಈ ಸಲ ಬ್ಯಾಗಿನಿಂದ ಹೊರಗೇ ಬರಲಿಲ್ಲ. ಒಂದು ಭೂತಗನ್ನಡಿ ಸಾಕಾಯಿತು. ನಾಲ್ಕನೇ ದಿನ ಅದೂ ನನ್ನ ಕೈಗೆ ಸಿಗಲಿಲ್ಲ. ಭಾಮೈದ ಮರಳ ಮೇಲೆ ಬೋರಲು ಮಲಗಿ, ನೀರು ಕಾಲು ಮುಟ್ಟುವವರೆಗೂ ಹಿಡಿದುಕೊಂಡಿದ್ದ.