ಸೇಬಿನ ಜೀನ್ ನಕ್ಷೆ: ಕಂಪ್ಯೂಟರ್ ಮುಂದೆ ಕೂರುವ ಮೊದಲಿನ ಕೆಲಸ

ಭತ್ತ, ಟೊಮೆಟೊದಲ್ಲಿ ಎಫ್2, ಅಂದರೆ ಸಂಕರದ ಎರಡನೇ ಪೀಳಿಗೆ ಬೆಳೆಸಿ, ಯಾವ ಜೀನು ವರ್ಣತಂತುವಿನ ಎಲ್ಲಿದೆ ಎಂಬ ನಕ್ಷೆ ಮಾಡಿ ರೂಢಿಯಾದವರಿಗೆ ಸೇಬು ಮೊದಲೇ ತಕರಾರು ತೆಗೆಯುತ್ತದೆ. ಅದು ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ಬೀಜದ ಗಿಡ ಹೂ ಬಿಡಲು ಐದಾರು ವರ್ಷವಾದರೂ ಬೇಕು. ಆದರೆ ಸೇಬಿನ ತಳಿಗಳೆಲ್ಲ ವಿಷಮಯುಗ್ಮಜ, ಅಂದರೆ ಎಷ್ಟೋ ಜೀನುಗಳ ಎರಡು ಪ್ರತಿ ಒಂದೇ ಥರ ಇರುವುದಿಲ್ಲ, ಹಾಗಾಗಿ ಗುಣಗಳು ಮೊದಲ ಪೀಳಿಗೆಯಲ್ಲೇ ಸಸಿಯಿಂದ ಸಸಿಗೆ ಬೇರೆಯಾಗಿ ಒಡೆಯುತ್ತವೆ. ನಕ್ಷೆಗೆ ಅದೇ ಸಾಕು. ಕಜ್ಜಿ ರೋಗ, ಅಂದರೆ ಸ್ಕ್ಯಾಬ್ ನಿರೋಧಕ್ಕಾಗಿ ನಾವು ಫ್ಯೂಜಿ ತಳಿಯ ಹೂವಿಗೆ ನಿರೋಧಕ ತಳಿ ಪ್ರೈಮಾದ ಪರಾಗ ಹಾಕಿ ಮಾಡಿದ ಕ್ರಮ ಇಲ್ಲಿದೆ.

ಜೋಡಿ ಆರಿಸುವಾಗ ಎರಡು ವಿಷಯ ನೋಡಬೇಕು. ಜೊನಾಗೋಲ್ಡ್, ಮುತ್ಸುವಿನಂಥ ತ್ರಿಗುಣಿತ (ಪ್ರತಿ ವರ್ಣತಂತುವಿನ ಮೂರು ಪ್ರತಿ ಇರುವ) ತಳಿ ಬೇಡ, ಬೀಜವೂ ಕಡಿಮೆ, ಲೆಕ್ಕವೂ ಕೆಡುತ್ತದೆ. ಎರಡನೆಯದು ಸ್ವ-ಅಸಾಮರಸ್ಯದ ಎಸ್ ಜೀನ್: ಹೂವಿನಲ್ಲಿರುವ ಎಸ್ ರೂಪವನ್ನೇ ಹೊತ್ತ ಪರಾಗವನ್ನು ಅದು ತಡೆಯುತ್ತದೆ. ಗೋಲ್ಡನ್ ಡೆಲಿಷಿಯಸ್‌ನಲ್ಲಿ ಎಸ್2-ಎಸ್3, ಗಾಲಾದಲ್ಲಿ ಎಸ್2-ಎಸ್5. ಗೋಲ್ಡನ್ ತಾಯಿಯಾದರೆ ಗಾಲಾದ ಎಸ್2 ಪರಾಗ ಕೊಳವೆ ಒಳಗಿಳಿಯುವುದಿಲ್ಲ, ಸಸಿಗಳೆಲ್ಲ ಎಸ್5 ಪಡೆದವೇ. ಕಾಯಿ ಕಟ್ಟಿತೆಂದು ಸಮಾಧಾನಪಟ್ಟುಕೊಂಡರೆ 17ನೇ ವರ್ಣತಂತುವಿನ ಕೆಳತುದಿಯಲ್ಲಿ ತಂದೆಯ ಮಾರ್ಕರ್‌ಗಳು (ಜಾಗ ಗುರುತಿಸುವ ಡಿಎನ್‌ಎ ಗುರುತುಗಳು) 1:1 ಬರದೆ ಓರೆಯಾಗುತ್ತವೆ.

ಮೊಗ್ಗು ಬಲೂನಿನಂತೆ ಉಬ್ಬಿ ಇನ್ನೂ ಬಿರಿಯದಿರುವಾಗಲೇ ದಳ, ಕೇಸರ ಕಿತ್ತು ಪರಾಗ ಹಚ್ಚಿ ಚೀಲ ಕಟ್ಟುತ್ತೇವೆ. ಹಣ್ಣಿನಿಂದ ತೆಗೆದ ಬೀಜವನ್ನು ಒದ್ದೆ ಮರಳಿನಲ್ಲಿ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ 70–90 ದಿನ ಇಡಬೇಕು. ಅವಸರಪಟ್ಟರೆ ಮೊಳಕೆ ಬಂದರೂ ಗಿಡ ಕುಳ್ಳಾಗಿ ಮುದುಡುತ್ತದೆ. ಕನಿಷ್ಠ 150 ಸಸಿ ಇರಲಿ. 100 ಸಸಿಗಳಲ್ಲಿ ಒಂದು ಕ್ರಾಸಿಂಗ್‌ಓವರ್ (ಜೋಡಿ ವರ್ಣತಂತುಗಳು ತುಂಡು ಅದಲುಬದಲು ಮಾಡಿಕೊಳ್ಳುವುದು) ಎಂದರೆ ನಕ್ಷೆಯ ದೂರದಲ್ಲಿ ಒಂದು ಸೆಂಟಿಮಾರ್ಗನ್, 100 ಸಸಿಯಲ್ಲಿ ಅದಕ್ಕಿಂತ ಸೂಕ್ಷ್ಮವಾದದ್ದು ಕಾಣದು.

ಡಿಎನ್‌ಎಗೆ ತುದಿಯ ಎಲೆ, ಅದೂ ಪೂರ್ತಿ ಬಿಚ್ಚಿಕೊಳ್ಳದ್ದು, 100 ಮಿಲಿಗ್ರಾಂ. ಬಲಿತ ಎಲೆಯ ಪಾಲಿಫೀನಾಲ್‌ಗಳು ಅರೆದ ಕೂಡಲೇ ಕಂದಾಗಿ ಡಿಎನ್‌ಎಗೆ ಅಂಟುತ್ತವೆ. ಬಫರಿನಲ್ಲಿ ಶೇ 2 ಸಿಟಿಎಬಿ (ಕೋಶ ಒಡೆಯುವ ಮಾರ್ಜಕ), 1.4 ಮೋಲಾರ್ ಉಪ್ಪು, ಶೇ 2 ಪಿವಿಪಿ (ಪಾಲಿಫೀನಾಲ್ ಹಿಡಿದಿಡುವ ವಸ್ತು). ಮರ್ಕ್ಯಾಪ್ಟೋಎಥನಾಲ್ ಮಾತ್ರ ಬಳಸುವ ಹೊತ್ತಿಗೆ ಬೆರೆಸಬೇಕು. 65 ಡಿಗ್ರಿಯಲ್ಲಿ ಅರ್ಧ ಗಂಟೆ, ಆಮೇಲೆ 24:1 ಕ್ಲೋರೋಫಾರ್ಮ್–ಐಸೋಅಮೈಲ್ ಆಲ್ಕೋಹಾಲ್ ಎರಡು ಸಲ. ತಳದಲ್ಲಿ ಲೋಳೆಯಂಥ ಉಂಡೆ ನಿಂತರೆ ಅದು ಪಾಲಿಸ್ಯಾಕರೈಡ್. ಡಿಎನ್‌ಎ ಶುದ್ಧತೆ ಹೇಳುವ 260/230 (ನ್ಯಾನೊಮೀಟರ್ ಬೆಳಕಿನ ಹೀರಿಕೆಯ) ಅನುಪಾತ 1.5ಕ್ಕಿಂತ ಕೆಳಗಿದ್ದರೆ ಆ ಮಾದರಿಯನ್ನು ಮಾರ್ಕರ್ ಓದುವ ಚಿಪ್‌ಗೆ ಕಳಿಸಿ ದುಡ್ಡು ಕಳೆಯುವುದಕ್ಕಿಂತ ಮತ್ತೆ ತೆಗೆಯುವುದೇ ಮೇಲು.

20 ಸಾವಿರ ಎಸ್‌ಎನ್‌ಪಿಗಳ (ಡಿಎನ್‌ಎಯ ಒಂದೊಂದು ಅಕ್ಷರದ ವ್ಯತ್ಯಾಸಗಳ) ಚಿಪ್‌ನಿಂದ ಬಂದ ಫೈಲನ್ನು ನೇರ ನಕ್ಷೆಯ ತಂತ್ರಾಂಶಕ್ಕೆ ತುಂಬಬಾರದು. ಎರಡೂ ಪೋಷಕರಲ್ಲಿಲ್ಲದ ಆಲೀಲ್ (ಜೀನ್ ರೂಪ) ಅಲ್ಲಲ್ಲಿ ಕಾಣುವ ಸಸಿ ಹೊರಗಿನ ಪರಾಗದ್ದು, ಅದನ್ನು ಕಿತ್ತುಹಾಕಿ. ಎರಡು ಸಸಿಗಳ ಫಲಿತಾಂಶ ತದ್ರೂಪವಾಗಿದ್ದರೆ ಟ್ಯೂಬ್‌ಗಳ ಚೀಟಿ ನೋಡಿ. ಕೈ-ವರ್ಗ (chi-square) ಪರೀಕ್ಷೆಯಲ್ಲಿ, ಅಂದರೆ ನಿರೀಕ್ಷಿತ ಅನುಪಾತಕ್ಕೆ ಹೊಂದುತ್ತದೆಯೇ ಎಂಬ ಲೆಕ್ಕದಲ್ಲಿ, ಸೋತ ಮಾರ್ಕರ್‌ಗಳನ್ನು ಕಣ್ಣುಮುಚ್ಚಿ ಎಸೆಯಬೇಡಿ: ಒಂಟಿಯಾಗಿ ಓರೆಯಾದದ್ದು ಓದಿನ ದೋಷವಿರಬಹುದು, ಸಾಲಾಗಿ ಓರೆಯಾದರೆ ಅದರ ಹಿಂದೆ ಜೀವಶಾಸ್ತ್ರ ಇದೆ.

ಜತೆಯಾಗಿ ಸಾಗುವ ಮಾರ್ಕರ್‌ಗಳ ಗುಂಪುಗಳು, ವರ್ಣತಂತುವಿಗೆ ಒಂದರಂತೆ, 17 ಬರಬೇಕು. ಪ್ರತಿ ಗುಂಪಿನ ಕ್ರಮವನ್ನು 2017ರ ಜಿಡಿಡಿಎಚ್13 ಎಂಬ ಸೇಬಿನ ಆಕರ ಜೀನೋಮ್ ಜತೆ ಹೋಲಿಸಿ. ಒಟ್ಟು ಉದ್ದ 1,200–1,300 ಸೆಂಟಿಮಾರ್ಗನ್ ಆಸುಪಾಸಿರಬೇಕು. 1,800 ದಾಟಿದರೆ ತಪ್ಪು ಓದುಗಳು ನುಸುಳಿವೆ. ಒಂದೇ ಸಸಿಯಲ್ಲಿ ಎರಡು ಮೂರು ಸೆಂಟಿಮಾರ್ಗನ್ ಒಳಗೆ ಒಂದು ಮಾರ್ಕರ್ ಮಾತ್ರ ತಿರುಗಿ ಮತ್ತೆ ಮೊದಲಿನಂತಾದರೆ, ಆ ಒಂದು ಓದನ್ನು ಖಾಲಿ ಬಿಡುತ್ತೇವೆ.

ಸಸಿಗೆ ರೋಗ ಬಂತೇ ಎಂದು ಬರೆಯುವ ಅಂಕಣದಲ್ಲಿ ತಪ್ಪಿದರೆ ಆಗುವ ಹಾನಿ ಇವೆಲ್ಲಕ್ಕಿಂತ ದೊಡ್ಡದು. ನಾಲ್ಕೈದು ಎಲೆಯ ಸಸಿಗೆ ಮಿಲಿಲೀಟರಿಗೆ ಸುಮಾರು 2 ಲಕ್ಷ ಕಜ್ಜಿ ಶಿಲೀಂಧ್ರದ ಬೀಜಕಗಳ ದ್ರಾವಣ ಸಿಂಪಡಿಸಿ, 18–20 ಡಿಗ್ರಿಯಲ್ಲಿ 48 ಗಂಟೆ ಎಲೆ ಒದ್ದೆಯಾಗಿಡಬೇಕು. ಓದುವುದು 14 ಮತ್ತು 21ನೇ ದಿನ, ಸಿಂಪಡಿಸಿದ ದಿನ ಎಳೆಯದಾಗಿದ್ದ ಎಲೆಗಳಲ್ಲಿ ಮಾತ್ರ. ಬಲಿತ ಎಲೆ ಯಾವ ತಳಿಯದ್ದಾದರೂ ರೋಗ ತಡೆಯುತ್ತದೆ. ಅದನ್ನು ನೋಡಿ ‘ನಿರೋಧಕ’ ಎಂದು ಬರೆದರೆ ಜೀನು ಬೇರೆ ಜಾಗಕ್ಕೆ ಸರಿಯುತ್ತದೆ. ಸರಿಯಾಗಿ ಓದಿದರೆ ನಿರೋಧಕ, ದುರ್ಬಲ 1:1 ಬಂದು, ಮ್ಯಾಲಸ್ ಫ್ಲೋರಿಬುಂಡಾ 821 ಎಂಬ ಕಾಡು ಸೇಬಿನ ಬಗೆಯಿಂದ ಬಂದ ಕಜ್ಜಿ ನಿರೋಧಕ ಜೀನು ಆರ್‌ವಿಐ6 (Rvi6) 1ನೇ ಗುಂಪಿನಲ್ಲಿ ಕೂರುತ್ತದೆ.

ಮುಂದಿನ ಸಂಕರದಲ್ಲಿ ಜೀನಿನ ಎರಡೂ ಬದಿಯ ಮಾರ್ಕರ್ ಇಟ್ಟು ಸಸಿ ಆರಿಸಿ. ಒಂದೇ ಬದಿಯದ್ದು ಐದು ಸೆಂಟಿಮಾರ್ಗನ್ ದೂರವಿದ್ದರೆ ನೂರಕ್ಕೆ ಐದು ಸಸಿ ಮೋಸ ಮಾಡುತ್ತವೆ. ಆರ್‌ವಿಐ6 ಒಂದನ್ನೇ ನಂಬುವಂತೆಯೂ ಇಲ್ಲ, ಅದನ್ನು ಮುರಿದ ಶಿಲೀಂಧ್ರದ ರೇಸ್‌ಗಳು (ಉಪಬಗೆಗಳು) ಯುರೋಪಿನಲ್ಲಿ ಆಗಲೇ ಹಬ್ಬಿವೆ. ಜತೆಗೆ ಇನ್ನೊಂದು ನಿರೋಧಕ ಜೀನನ್ನೂ ಪೇರಿಸುತ್ತೇವೆ. ಎರಡೂ ಇರುವ ಸಸಿಯನ್ನು ರೋಗ ಹಚ್ಚಿ ಗುರುತಿಸಲಾಗದು, ಮಾರ್ಕರ್‌ನಿಂದಲೇ ಆಗಬೇಕು.