ಐದು ರಾಗಿ ತಳಿ, ಹತ್ತು ಜೋಡಿ: ಯಾವುದನ್ನು ಯಾವುದರ ಜೊತೆ ಹೋಲಿಸಬೇಕು?

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಐದು ರಾಗಿ ತಳಿಗಳ ಪ್ರಯೋಗ ಹಾಕಿದ್ದೀರಿ ಎಂದಿಟ್ಟುಕೊಳ್ಳಿ: ಜಿಪಿಯು-28, ಜಿಪಿಯು-66, ಇಂಡಾಫ್-9, ಎಂಎಲ್-365, ಎಂಆರ್-6. ಆರ್‌ಬಿಡಿ (ಹೊಲವನ್ನು ಭಾಗ ಮಾಡಿ, ಪ್ರತಿ ಭಾಗದಲ್ಲೂ ಎಲ್ಲ ತಳಿಗಳನ್ನು ಚೀಟಿ ಎತ್ತಿದಂತೆ ಹಂಚಿ ಹಾಕುವ ವಿನ್ಯಾಸ), ನಾಲ್ಕು ರೆಪ್ಲಿಕೇಶನ್ (ಅಂಥ ಭಾಗ), ಒಟ್ಟು 20 ತಾಕು. ಚೆಕ್ ತಳಿ, ಅಂದರೆ ಉಳಿದವನ್ನು ಹೋಲಿಸಿ ನೋಡುವ ಆಧಾರದ ತಳಿ, ಜಿಪಿಯು-28. ಅನೋವಾದಲ್ಲಿ (ಎಲ್ಲ ತಳಿಗಳ ಸರಾಸರಿಯನ್ನು ಒಟ್ಟಿಗೆ ಪರೀಕ್ಷಿಸುವ ಲೆಕ್ಕ) ಎಫ್ ಸಿಗ್ನಿಫಿಕೆಂಟ್ ಬಂದರೆ ತಳಿಗಳೆಲ್ಲ ಒಂದೇ ಅಲ್ಲ ಎಂದಷ್ಟೇ ತಿಳಿಯಿತು. ಯಾವುದು ಯಾವುದಕ್ಕಿಂತ ಮೇಲು ಎನ್ನುವುದು ಬೇರೆ ಲೆಕ್ಕ.

ಐದು ತಳಿಗೆ 10 ಜೋಡಿ. ಪ್ರತಿ ಜೋಡಿಗೂ ಶೇ. 5ರ ಮಟ್ಟದಲ್ಲಿ ಟಿ-ಟೆಸ್ಟ್ (ಎರಡು ಸರಾಸರಿಗಳ ಹೋಲಿಕೆ) ಮಾಡುತ್ತಾ ಹೋದರೆ, ಪರೀಕ್ಷೆಗಳು ಸ್ವತಂತ್ರವಾಗಿದ್ದಲ್ಲಿ, ಒಂದಾದರೂ ಸುಳ್ಳು ವ್ಯತ್ಯಾಸ ಕಾಣುವ ಸಾಧ್ಯತೆ ಸುಮಾರು ಶೇ. 40. ಇಲ್ಲಿ ಜೋಡಿಗಳು ಒಂದಕ್ಕೊಂದು ತಳುಕು ಹಾಕಿಕೊಂಡಿರುವುದರಿಂದ ಅಷ್ಟಾಗದು, ಆದರೂ 5ಕ್ಕಿಂತ ತುಂಬಾ ಜಾಸ್ತಿ. ನಮ್ಮ ಪ್ರಬಂಧಗಳಲ್ಲಿ ರೂಢಿಯಾಗಿರುವ ಸಿಡಿ (ಕ್ರಿಟಿಕಲ್ ಡಿಫರೆನ್ಸ್, ವ್ಯತ್ಯಾಸ ಇದೆ ಎನ್ನಲು ಬೇಕಾದ ಕನಿಷ್ಠ ಅಂತರ) ಇದೇ ಜಾತಿಯದು. ಅದರಲ್ಲಿ ಜೋಡಿಗಳ ಸಂಖ್ಯೆಗೆ ತಕ್ಕ ತಿದ್ದುಪಡಿ ಇಲ್ಲ.

ಹಾಗಾಗಿ ಮೊದಲು ಪ್ರಶ್ನೆ ತೀರ್ಮಾನಿಸಿ. ಉಳಿದ ತಳಿಗಳು ಚೆಕ್‌ಗಿಂತ ಮೇಲೆ ಎಂದು ತೋರಿಸುವುದಷ್ಟೇ ಇದ್ದರೆ ಹೋಲಿಕೆ ನಾಲ್ಕೇ, ಡನೆಟ್ (ಚೆಕ್ ಜೊತೆ ಮಾತ್ರ ಹೋಲಿಸುವ ಪರೀಕ್ಷೆ) ಸಾಕು. ಎಲ್ಲರ ಜೊತೆ ಎಲ್ಲರನ್ನೂ ಹೋಲಿಸಬೇಕಿದ್ದರೆ ಟ್ಯೂಕಿ ಪರೀಕ್ಷೆ. ಇದರಿಂದ ಎಷ್ಟು ವ್ಯತ್ಯಾಸ? ಎರರ್ ಮೀನ್ ಸ್ಕ್ವೇರ್ (ತಳಿ, ರೆಪ್ಲಿಕೇಶನ್ ಎರಡರಿಂದಲೂ ಬಾರದ ಏರುಪೇರಿನ ಅಳತೆ) 8 ಎನ್ನಿ. ವ್ಯತ್ಯಾಸದ ಸ್ಟ್ಯಾಂಡರ್ಡ್ ಎರರ್ 2 ಕ್ವಿಂಟಲ್, ಎರರ್ ಡಿಎಫ್ (ಡಿಗ್ರೀಸ್ ಆಫ್ ಫ್ರೀಡಂ) 12. ಸಿಡಿ ಸುಮಾರು 4.4 ಕ್ವಿಂಟಲ್, ಅದೇ ಕನಿಷ್ಠ ಅಂತರ ಡನೆಟ್‌ಗೆ 5.6, ಟ್ಯೂಕಿಗೆ 6.4. ಚೆಕ್‌ಗಿಂತ ಹೆಕ್ಟೇರಿಗೆ 6 ಕ್ವಿಂಟಲ್ ಜಾಸ್ತಿ ಕೊಟ್ಟ ತಳಿ ಡನೆಟ್‌ನಲ್ಲಿ ಪಾಸು, ಟ್ಯೂಕಿಯಲ್ಲಿ ಫೇಲು. ಬೇಡದ ಆರು ಜೋಡಿಗಳನ್ನು ಸೇರಿಸಿಕೊಂಡದ್ದಕ್ಕೆ ತೆತ್ತ ಬೆಲೆ ಅದು. ಇಳುವರಿ ನೋಡಿದ ಮೇಲೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ಬಂದವನ್ನು ಹೆಕ್ಕಿ 'ಒಂದೇ ಹೋಲಿಕೆ ಮಾಡಿದ್ದು' ಎನ್ನುವಂತಿಲ್ಲ. ಕಣ್ಣಲ್ಲೇ ಹತ್ತನ್ನೂ ಹೋಲಿಸಿ ಆಗಿರುತ್ತದೆ.

ಎಸ್‌ಪಿಎಸ್‌ಎಸ್ ತಂತ್ರಾಂಶದಲ್ಲಿ ಒನ್-ವೇ ಅನೋವಾಕ್ಕೆ ಹೋಗಬೇಡಿ, ಅಲ್ಲಿ ರೆಪ್ಲಿಕೇಶನ್‌ಗೆ ಜಾಗವಿಲ್ಲ. ಅನಲೈಸ್, ಜನರಲ್ ಲೀನಿಯರ್ ಮಾಡೆಲ್, ಯೂನಿವೇರಿಯೇಟ್ ತೆರೆದು ತಳಿ ಮತ್ತು ರೆಪ್ಲಿಕೇಶನ್ ಎರಡನ್ನೂ ಫಿಕ್ಸ್ಡ್ ಫ್ಯಾಕ್ಟರ್‌ಗೆ ಹಾಕಿ. ಆಮೇಲೆ ಮಾಡೆಲ್ ಬಟನ್ ಒತ್ತಿ, ಮೇನ್ ಎಫೆಕ್ಟ್ ಮಾತ್ರ ಇಡಿ. ಡೀಫಾಲ್ಟ್ ಆಗಿರುವ ಫುಲ್ ಫ್ಯಾಕ್ಟೋರಿಯಲ್ ಅನ್ನು ಹಾಗೇ ಉಳಿಸಿದರೆ ತಳಿ-ರೆಪ್ಲಿಕೇಶನ್ ಇಂಟರ್‍ಯಾಕ್ಷನ್ ಆ 12 ಡಿಎಫ್ ಅನ್ನೂ ನುಂಗಿ, ಎರರ್‌ಗೆ ಸೊನ್ನೆ ಉಳಿಯುತ್ತದೆ.

ಪೋಸ್ಟ್ ಹಾಕ್‌ನಲ್ಲಿ ತಳಿ ಆರಿಸಿ ಡನೆಟ್ ಟಿಕ್ ಮಾಡಿದಾಗ ಕೆಳಗಿನ ಕಂಟ್ರೋಲ್ ಕೆಟಗರಿ ನೋಡಿ. ಅದು ಲಾಸ್ಟ್ ಎಂದಿರುತ್ತದೆ. ಬೇರೆ ಆಯ್ಕೆ ಫಸ್ಟ್ ಮಾತ್ರ. ಜಿಪಿಯು-28ಕ್ಕೆ 1, ಎಂಆರ್-6ಕ್ಕೆ 5 ಎಂದು ಕೋಡ್ ಕೊಟ್ಟು ಅದನ್ನು ಮುಟ್ಟದೆ ಓಕೆ ಒತ್ತಿದರೆ, ಎಂಆರ್-6 ತಾನೇ ಚೆಕ್ ಆಗಿ ಕೂರುತ್ತದೆ. ಎಚ್ಚರಿಕೆಯ ಸಂದೇಶವೇನೂ ಬರುವುದಿಲ್ಲ. ಫಲಿತಾಂಶದ ಪಟ್ಟಿಯಲ್ಲಿ 'ಜೆ' ಕಾಲಂ ಓದಿ: ನಾಲ್ಕು ಸಾಲಿನಲ್ಲೂ ಜಿಪಿಯು-28 ಇರಬೇಕು.

ಆರ್ ತಂತ್ರಾಂಶದಲ್ಲಿ ತೊಂದರೆ ಬೇರೆ. ತಳಿಗೆ 1ರಿಂದ 5 ಕೋಡ್ ಹಾಕಿ ಫ್ಯಾಕ್ಟರ್ ಮಾಡುವುದನ್ನು (ಇದು ಸಂಖ್ಯೆಯಲ್ಲ, ಗುಂಪಿನ ಗುರುತು ಎಂದು ಹೇಳುವುದನ್ನು) ಮರೆತರೆ ಅದನ್ನು ಸಂಖ್ಯೆ ಎಂದೇ ತಿಳಿದು ಒಂದು ನೇರ ಗೆರೆ ಎಳೆಯುತ್ತದೆ. ಅನೋವಾ ಪಟ್ಟಿಯಲ್ಲಿ ತಳಿಯ ಡಿಎಫ್ 4ರ ಬದಲು 1 ಕಂಡರೆ ಇದೇ ಕಾರಣ. 5 ಕಂಡರೆ ಯಾವುದೋ ಹೆಸರಿನ ಹಿಂದೆ ಸ್ಪೇಸ್ ಉಳಿದು ಒಂದು ತಳಿ ಎರಡಾಗಿರುತ್ತದೆ. ಹೆಸರುಗಳನ್ನು ಅದು ಅಕ್ಷರಾನುಕ್ರಮದಲ್ಲಿ ಜೋಡಿಸುವುದರಿಂದ ಇಲ್ಲಿ ಜಿಪಿಯು-28 ಅದೃಷ್ಟಕ್ಕೆ ಮೊದಲು ಬಂದು ಚೆಕ್ ಆಗುತ್ತದೆ. ಎಂಎಲ್-365 ಚೆಕ್ ಆಗಿದ್ದರೆ ರೀಲೆವೆಲ್ ಮಾಡಿ ಅದನ್ನು ಮುಂದೆ ತರಬೇಕು.

ಎಕ್ಸೆಲ್‌ನ ಡೇಟಾ ಅನಾಲಿಸಿಸ್‌ನಲ್ಲಿ ಅನೋವಾ ಇದೆ, ಆದರೆ ಟ್ಯೂಕಿಯೂ ಇಲ್ಲ, ಡನೆಟ್ಟೂ ಇಲ್ಲ. ಹತ್ತು ಟಿ-ಟೆಸ್ಟ್ ಮಾಡುವ ಚಟ ಹತ್ತುವುದು ಅಲ್ಲಿಂದಲೇ.

ಪಟ್ಟಿಯ ಅಡಿಯಲ್ಲಿ ಹೀಗೆ ಬರೆಯಿರಿ: 'ಚೆಕ್ ಜಿಪಿಯು-28ರೊಂದಿಗೆ ನಾಲ್ಕು ಹೋಲಿಕೆ, ಡನೆಟ್, ಎರಡೂ ಬದಿ, ಎರರ್ ಡಿಎಫ್ 12.' ಎರಡೂ ಬದಿ ಎಂದರೆ ಚೆಕ್‌ಗಿಂತ ಹೆಚ್ಚು, ಕಡಿಮೆ ಎರಡನ್ನೂ ನೋಡಿದ್ದು.